ಗೃಹಸ್ಥರ ವಿಚಾರಕ್ಕೆ: ಉಪಾಹಾರಗೃಹವನ್ನು ತೆರೆಯುವ ಮುನ್ನ

ಅಡಕೆಯ ತೋಟವೊಂದನ್ನೇ ಆಧಾರವಾಗಿ ನಂಬಿ ತಲೆಮಾರುಗಳನ್ನು ಕಳೆದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಕುಟುಂಬಗಳಿಗೆ ಈಗ ಆ ನಂಬಿಕೆಯೊಂದೇ ಸಾಲದಾಗಿದೆ. ಹಳದಿ ಎಲೆ ರೋಗವು ಹಲವು ದಶಕಗಳಿಂದ ಇಲ್ಲಿಯ ತೋಟಗಳನ್ನು ಕ್ಷಯಿಸುತ್ತಿರುವುದು. ಅದರ ಮೇಲೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಹೀಗಾಗಿ 'ಪೇಟೆಯಲ್ಲಿ ಒಂದು ಹೋಟಲನ್ನಾದರೂ ಇಡೋಣ' ಎಂಬ ಮಾತು ಅನೇಕ ಮನೆಗಳ ಜಗಲಿಯಲ್ಲಿ ಕೇಳಿಬರುತ್ತಿದೆ. ಆಲೋಚನೆಯು ತಪ್ಪಲ್ಲ. ಆದರೆ ಉಳಿದ ತೋಟವನ್ನು ಅಡವಿಟ್ಟೋ, ಮನೆಯ ಹೆಂಗಸರ ಒಡವೆಗಳನ್ನು ಬ್ಯಾಂಕಿನಲ್ಲಿರಿಸಿಯೋ ಬಂಡವಾಳ ಹೂಡುವವರು ಮೊದಲು ಕೆಲವು ಸಂಗತಿಗಳನ್ನು ಪರ್ಯಾಲೋಚಿಸತಕ್ಕದ್ದು. ಮೊದಲ ನಷ್ಟವು ರೋಗದಿಂದ ಬಂದುದು. ಎರಡನೆಯದು ಅವಿಚಾರದಿಂದ ಬರಬಾರದು.

ಉಣ್ಣುವವರು ಯಾರು ಎಂಬುದೇ ಪ್ರಥಮ ಪ್ರಶ್ನೆ. ಮೂರೂ ಪಟ್ಟಣ ಪಂಚಾಯಿತಿಯ ಊರುಗಳೇ ಆದರೂ ಅವುಗಳ ಪ್ರಕೃತಿ ಒಂದೇ ಅಲ್ಲ. ಶೃಂಗೇರಿಗೆ ಶಾರದಾಂಬೆಯ ದರ್ಶನಕ್ಕಾಗಿ ಯಾತ್ರಿಕರು ಬರುವರು; ನವರಾತ್ರಿಯಲ್ಲಂತೂ ಕಾಲಿಡಲು ಸ್ಥಳವಿರುವುದಿಲ್ಲ. ಆ ಜನಸಂದಣಿಯನ್ನು ಕಂಡು ಮರುಳಾಗಬಾರದು. ಬಂದ ಭಕ್ತರಿಗೆ ಮಠದಲ್ಲಿ ಪ್ರಸಾದಭೋಜನವು ಧರ್ಮಾರ್ಥವಾಗಿ ದೊರೆಯುವುದಷ್ಟೆ. ಆದುದರಿಂದ ಅಲ್ಲಿ ಮಧ್ಯಾಹ್ನದ ಊಟವನ್ನೇ ನಂಬಿದ ಹೋಟಲಿಗಿಂತ, ಬೆಳಗಿನ ತಿಂಡಿ ಮತ್ತು ಸಂಜೆಯ ಕಾಫಿಯನ್ನು ನಂಬಿದುದು ಬಾಳುವ ಸಂಭವ ಹೆಚ್ಚು. ಕೊಪ್ಪಕ್ಕೆ ಬರುವವರಾದರೋ ಬಹುಮಟ್ಟಿಗೆ ತಾಲ್ಲೂಕು ಕಚೇರಿ, ಬ್ಯಾಂಕು, ಅಂಗಡಿಗಳ ಕೆಲಸಕ್ಕೆ ಬರುವ ಸುತ್ತಣ ಹಳ್ಳಿಯವರು. ಅವರು ಮತ್ತೆ ಮತ್ತೆ ಬರುವ ಗಿರಾಕಿಗಳಾದ ಕಾರಣ, ಒಂದು ದಿನ ಹಳಸಿದ ಚಟ್ನಿಯನ್ನು ಬಡಿಸಿದರೆ ವರುಷವೆಲ್ಲ ಅದನ್ನು ನೆನೆಯುವರು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ. ಅಲ್ಲಿಗೆ ಬರುವ ಜೈನ ಯಾತ್ರಿಕರಲ್ಲಿ ಕಂದಮೂಲಗಳನ್ನು ತ್ಯಜಿಸಿದವರೂ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರೂ ಉಂಟು. ಈರುಳ್ಳಿ, ಆಲೂಗೆಡ್ಡೆಗಳಿಲ್ಲದ ಪಲ್ಯವನ್ನು ಬೇರೆ ಪಾತ್ರೆಯಲ್ಲಿ ಮಾಡಿಡುವ ಬುದ್ಧಿವಂತನಿಗೆ ಅವರು ಗಿರಾಕಿಗಳಾಗುವರು.

ಎರಡನೆಯದು ಸ್ಥಳ. ಬಸ್ಸು ನಿಲ್ಲುವೆಡೆಯಲ್ಲಿ ಅಂಗಡಿಯಿದ್ದರೆ ಸಾಕೆಂಬುದು ಸಾಮಾನ್ಯ ನಂಬಿಕೆ. ಆದರೆ ಬಸ್ಸೇ ನಿಂತುಹೋದರೆ? 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯು ನಾಡಿಗೆಲ್ಲ ಮಾದರಿಯೆನಿಸಿತ್ತು. 2020ರಲ್ಲಿ ಅದರ ಸಂಚಾರವು ಸ್ತಬ್ಧವಾಯಿತು. ಅನ್ಯರ ಚಕ್ರವನ್ನು ನಂಬಿ ನಮ್ಮ ಒಲೆಯನ್ನು ಹೂಡುವಾಗ ಈ ದೃಷ್ಟಾಂತವನ್ನು ಮರೆಯಬಾರದು. ಬಾಡಿಗೆಯ ಕರಾರನ್ನು ಬರಹದಲ್ಲಿಯೇ ಮಾಡಿಕೊಳ್ಳತಕ್ಕದ್ದು.

ಮೂರನೆಯದು ಋತುಮಾನ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಸೀಮೆಯ ಮಳೆ ಎಂಥದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಮರ ಬಿದ್ದು ವಿದ್ಯುತ್ತು ಹೋಗುವುದು, ದೋಸೆಯ ಹಿಟ್ಟು ಹುದುಗದು, ಪೇಟೆ ಬರಿದಾಗುವುದು. ಇದನ್ನು ಅಂಕಿಗಳಲ್ಲಿ ನೋಡೋಣ. ಬಾಡಿಗೆ, ಸಂಬಳ, ಅನಿಲ, ಸಾಲದ ಕಂತು ಸೇರಿ ತಿಂಗಳಿಗೆ 60,000 ರೂಪಾಯಿ ಖರ್ಚೆಂದು ಭಾವಿಸಿರಿ. ದಿನಕ್ಕೆ 2,000 ಆಯಿತು. 40 ರೂಪಾಯಿಯ ತಿಂಡಿಯಲ್ಲಿ ಸಾಮಗ್ರಿಗೆ 25 ಹೋದರೆ ಉಳಿಯುವುದು 15. ಅಂದರೆ ಪ್ರತಿದಿನವೂ 134 ತಟ್ಟೆಗಳು ಖರ್ಚಾದ ಮೇಲೆಯೇ ಲಾಭವೆಂಬ ಮಾತು. ಮಳೆಗಾಲದಲ್ಲಿ 80 ತಟ್ಟೆಗಳೇ ಹೋದರೆ ದಿನಕ್ಕೆ 800ರಂತೆ ನಾಲ್ಕು ತಿಂಗಳಲ್ಲಿ 96,000 ರೂಪಾಯಿ ನಷ್ಟ. ಈ ಮೊತ್ತವನ್ನು ಮೊದಲೇ ಬೇರೆ ತೆಗೆದಿರಿಸಲಾರದವನು ಪ್ರಾರಂಭಿಸದಿರುವುದೇ ಲೇಸು.

ಇನ್ನೊಂದು ಖರ್ಚನ್ನು ಗಂಡಸರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಸುಕಿನಲ್ಲೆದ್ದು ಹಿಟ್ಟು ರುಬ್ಬುವ ತಾಯಿಯ, ರಾತ್ರಿ ಪಾತ್ರೆ ತೊಳೆಯುವ ಹೆಂಡತಿಯ ದುಡಿಮೆಗೂ ಬೆಲೆಯುಂಟು. 'ಮನೆಯವರೇ ಮಾಡುತ್ತಾರೆ' ಎಂದು ಅದನ್ನು ಸೊನ್ನೆಯೆಂದು ಬರೆದರೆ, ಲಾಭವಾಗಿ ತೋರುವುದು ವಾಸ್ತವವಾಗಿ ಅವರ ಬೆವರಿನ ಬಾಕಿ. ಅವರ ಸಮ್ಮತಿಯನ್ನು ಪಡೆಯದೆ, ಅವರಿಗೆ ಸಂಬಳವನ್ನೂ ವಾರಕ್ಕೊಂದು ದಿನದ ವಿಶ್ರಾಂತಿಯನ್ನೂ ಗೊತ್ತುಮಾಡದೆ ಈ ಕಾರ್ಯಕ್ಕೆ ಕೈಹಾಕತಕ್ಕದ್ದಲ್ಲ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಪಟ್ಟಣ ಪಂಚಾಯಿತಿಯ ಪರವಾನಗಿಯೂ, 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಲೈಸೆನ್ಸೂ ಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಹೋಟಲಿನಲ್ಲಿ ಉಪಯೋಗಿಸಕೂಡದು. ವಾಣಿಜ್ಯದ 19 ಕಿಲೋದನ್ನೇ ಕೊಳ್ಳಬೇಕು. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ದುರಭ್ಯಾಸವನ್ನು ರಾಜ್ಯ ಸರ್ಕಾರವು 2025ರಲ್ಲಿ ನಿಷೇಧಿಸಿತು. ಅದೇ ವರ್ಷದ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದುದು ನೆನಪಿರಲಿ. ಮೊದಲ ದಿನದಿಂದಲೇ ಆಯವ್ಯಯದ ಪುಸ್ತಕವನ್ನು ಬರೆದಿಡುವವನಿಗೆ ಇಂಥ ಭಯವಿಲ್ಲ.

ಕೊನೆಯದಾಗಿ, ಏನನ್ನು ಬಡಿಸಬೇಕು? 1924ರಲ್ಲಿ ಮಯ್ಯ ಸೋದರರು ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರೆಂದು ಹೇಳುವರು. ಕೈಯಲ್ಲಿರುವ ಪದಾರ್ಥದಿಂದಲೇ ರುಚಿಯನ್ನು ಸಾಧಿಸುವುದೇ ಅದರ ಪಾಠ. ನಮ್ಮಲ್ಲಿ ಕಡುಬು, ಅಕ್ಕಿರೊಟ್ಟಿ, ಪತ್ರೊಡೆ, ಕಳಲೆಯ ಪಲ್ಯ, ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿಗಳಿವೆ. ಇವುಗಳನ್ನು ಬಿಟ್ಟು, ದೂರದ ನಗರಗಳಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಹೊರಟರೆ ಯಾತ್ರಿಕನು ನಮ್ಮ ಬಾಗಿಲನ್ನು ಏಕೆ ಹುಡುಕಿಕೊಂಡು ಬಂದಾನು?

ಆದ್ದರಿಂದ ಹೊಸ ಕಟ್ಟಡಕ್ಕೆ ಗುದ್ದಲಿ ಹಾಕುವ ಮೊದಲು ಚಿಕ್ಕ ಮಳಿಗೆಯೊಂದರಲ್ಲಿ ಮೂರು ನಾಲ್ಕು ತಿಂಡಿಗಳಿಂದ ಆರಂಭಿಸಿ, ಒಂದು ಮಳೆಗಾಲವನ್ನು ದಾಟಿ ನೋಡಿರಿ. ದಾಟಿದರೆ ವಿಸ್ತರಿಸುವುದಕ್ಕೆ ಕಾಲವಿದೆ. ದಾಟದಿದ್ದರೆ ತೋಟದ ಪತ್ರವಾದರೂ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.