ಸೆಲೆನಿಯಂ ಅಣಬೆ: ನಂಬರ್ ಎಲ್ಲಿ ಸ್ವಾಮಿ?

ಅಣಬೆ ಸರಣಿ, ಭಾಗ 4 🍄

1/5
ಫೋಟೋದಲ್ಲಿರೋ ಪ್ಯಾಕೆಟ್ ನೋಡಿದ್ರಾ? ಮುಂದೆ ದಪ್ಪ ಅಕ್ಷರದಲ್ಲಿ ‘ಸೆಲೆನಿಯಂ ಭರಿತ ಚಿಪ್ಪಣಬೆ’. ಬೆಲೆ ಮಾಮೂಲಿ ಪ್ಯಾಕೆಟ್‌ಗಿಂತ ಡಬಲ್. ತಿರುಗಿಸಿ ನೋಡಿದೆ, ಎಷ್ಟು ಸೆಲೆನಿಯಂ ಇದೆ ಅಂತ ಬರೆದೇ ಇಲ್ಲ! ಹೆಸರು ಮಸುಕು ಮಾಡಿದ್ದೀನಿ, ಯಾಕಂದ್ರೆ ನನ್ನ ಜಗಳ ಆ ಕಂಪನಿ ಜೊತೆ ಅಲ್ಲ. ಇಂಥ ರೀಲ್‌ಗಳನ್ನ ‘ಸೂಪರ್‌ಫುಡ್ ಗುರು’ ಅಂತ ಕ್ಲಾಸ್ ಗ್ರೂಪಿಗೆ ತಳ್ಳೋ ನಿಮ್ಮ ಜೊತೆ.

2/5
ವಿಜ್ಞಾನ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಣಬೆಯ ಎಳೆಗಳು ಹುಲ್ಲಿನೊಳಗೆ ಹರಡಿ, ಅಲ್ಲಿರೋದನ್ನ ಹೀರ್ಕೊಳ್ತವೆ. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರ ಕಡೆ ಕೆಲವು ಹಳ್ಳಿಗಳ ಮಣ್ಣಲ್ಲಿ ಸೆಲೆನಿಯಂ ವಿಪರೀತ. ಅಲ್ಲಿನ ಗೋಧಿ ಹುಲ್ಲಲ್ಲಿ ಚಿಪ್ಪಣಬೆ ಬೆಳೆಸಿ ನೋಡಿದಾಗ ಅಣಬೆಯಲ್ಲೂ ಸೆಲೆನಿಯಂ ಬಹಳ ಜಾಸ್ತಿ ಸಿಕ್ತು. ಆದ್ರೆ ಅದೇ ಊರುಗಳಲ್ಲಿ ದನಗಳ ಗೊರಸು ಕೆಟ್ಟಿದೆ, ಜನರ ಕೂದಲು ಉದುರಿದೆ, ಉಗುರು ಹಾಳಾಗಿದೆ. ಅದೇ ಸೆಲೆನಿಯಂನಿಂದ. ರೀಲ್‌ನಲ್ಲಿ ಇದು ಬರಲ್ಲ. ಇನ್ನೊಂದು ವಿಷ್ಯ, ಹುಲ್ಲಲ್ಲಿ ಕ್ಯಾಡ್ಮಿಯಂ ಇದ್ರೆ ಅಣಬೆ ಅದನ್ನೂ ಹೀರುತ್ತೆ. ಒಳ್ಳೇದು ಕೆಟ್ಟದ್ದು ಆರಿಸೋ ಬುದ್ಧಿ ಅದಕ್ಕಿಲ್ಲ.

3/5
ಈಗ ಲೆಕ್ಕ. ಇದನ್ನ ಸ್ಕಿಪ್ ಮಾಡ್ಬೇಡಿ.
ಐಸಿಎಂಆರ್ ಪ್ರಕಾರ ದೊಡ್ಡವರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸೆಲೆನಿಯಂ ಸಾಕು. ಅಮೆರಿಕದಲ್ಲಿ ಮೇಲಿನ ಮಿತಿ ಅಂತ ಇಟ್ಟಿರೋದು 400. ಲ್ಯಾಬ್‌ನವರು ಅಳೆಯೋದು ಒಣಗಿಸಿದ ಅಣಬೆಯನ್ನ. ನೀವು ಪಲ್ಯಕ್ಕೆ ಹಾಕೋದು ಹಸಿ ಅಣಬೆ, ಅದ್ರಲ್ಲಿ ಹೆಚ್ಚುಕಡಿಮೆ 90% ನೀರು. ಒಂದು ಗ್ರಾಂ ಒಣ ಅಣಬೆಯಲ್ಲಿ 5 ಮೈಕ್ರೋಗ್ರಾಂ ಇದೆ ಅಂದ್ಕೊಳ್ಳಿ. 100 ಗ್ರಾಂ ಹಸಿ ಅಣಬೆ ಅಂದ್ರೆ 10 ಗ್ರಾಂ ಒಣದ್ದು, ಸಿಗೋದು 50. ಸರಿ ಹೋಯ್ತು. ಅದೇ ಗ್ರಾಂಗೆ 50 ಇದ್ರೆ? ಒಂದು ತಟ್ಟೆ ಪಲ್ಯಕ್ಕೇ 500, ಮಿತಿ ದಾಟಿತು. ಎರಡು ಪ್ಯಾಕೆಟ್ ಮೇಲೂ ‘ಭರಿತ’ ಅಂತಲೇ ಬರೀಬಹುದು! ಅದಕ್ಕೇ ನಂಬರ್ ಕೇಳಿ ಅಂತ ಬಡ್ಕೊಳ್ತಿರೋದು.

4/5
‘ಜಾಸ್ತಿ ತಿಂದ್ರೆ ಕ್ಯಾನ್ಸರ್ ಬರಲ್ಲ’ ಅನ್ನೋರಿಗೆ: ಸೆಲೆಕ್ಟ್ ಅನ್ನೋ ಪ್ರಯೋಗ 2001ರಲ್ಲಿ ಶುರುವಾಯ್ತು. 35 ಸಾವಿರಕ್ಕೂ ಹೆಚ್ಚು ಗಂಡಸರು. ಸೆಲೆನಿಯಂ ಗುಂಪಿನವರಿಗೆ ದಿನಕ್ಕೆ 200 ಮೈಕ್ರೋಗ್ರಾಂ ಮಾತ್ರೆ. ಪ್ರಾಸ್ಟೇಟ್ ಕ್ಯಾನ್ಸರ್ ಕಮ್ಮಿ ಆಗ್ಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದ್ರು.

5/5
ನಿಜವಾದ ಸಿಟ್ಟು ಇಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21: ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತಹೀನತೆ. ಮೂರನೇ ಮಹಡಿ ಲ್ಯಾಬ್‌ಗೆ ಹತ್ತೋವಾಗ ಅರ್ಧ ದಾರೀಲಿ ನಿಲ್ಲೋ ಹುಡುಗೀರು ನಮ್ಮ ಬ್ಯಾಚಲ್ಲೇ ಎಷ್ಟಿಲ್ಲ? ಅಣಬೆಗೆ ಕಬ್ಬಿಣ ಸೇರಿಸೋ ಪ್ರಯೋಗಗಳೂ ನಡೆದಿವೆ. ಅದರ ರೀಲ್ ಯಾರಾದ್ರೂ ಹಾಕಿದ್ರಾ? ಕಬ್ಬಿಣ ಅಂದ್ರೆ ಸರ್ಕಾರಿ ಮಾತ್ರೆ ನೆನಪಾಗುತ್ತೆ, ಸೆಲೆನಿಯಂ ಅಂದ್ರೆ ಸ್ಟೈಲು. ಡಬಲ್ ರೇಟು ಕೊಡೋರಿಗೆ ತಕ್ಕ ಖನಿಜ!

ಖನಿಜ ಅಲ್ಲದಿದ್ರೂ ಇದೊಂದು ಫ್ರೀ: ಮಾಮೂಲಿ ಅಣಬೆಯನ್ನೇ ಹೆಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಡಿ. ಅದರಲ್ಲೇ ಡಿ ವಿಟಮಿನ್ ಹುಟ್ಟುತ್ತೆ.

ಹಿಂಬದಿಯಲ್ಲಿ ನಂಬರ್ ಬರೆದಿರೋ ಪ್ಯಾಕೆಟ್ ಯಾರಿಗಾದ್ರೂ ಸಿಕ್ಕಿದ್ರೆ ಫೋಟೋ ಕಳ್ಸಿ. ಸ್ಟೋರಿಗೆ ಹಾಕ್ತೀನಿ, ಹೆಸರು ಮಸುಕು ಮಾಡದೆ.

#ಅಣಬೆಸರಣಿ #ನಂಬರ್‌ಎಲ್ಲಿ #ಚಿಪ್ಪಣಬೆ