ದಾಸ್ತಾನು ವಹಿಗೆ ಪಾಠದ ಕೋಷ್ಟಕವೂ ಬೇಕು

ವಿಜ್ಞಾನ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ‘ಬೋಧನೋಪಕರಣಗಳು’ ಎಂಬ ಸಾಲೊಂದು ಇದ್ದೇ ಇರುತ್ತದೆ. ಅಲ್ಲಿ ನಾವು ಬರೆಯುವುದು ಬಹುಮಟ್ಟಿಗೆ ಚಾರ್ಟ್, ಫ್ಲ್ಯಾಶ್ ಕಾರ್ಡ್, ಕಪ್ಪುಹಲಗೆ. ಶಾಲೆಯಲ್ಲಿ ಉಪಕರಣಗಳೇ ಇಲ್ಲವೆಂದಲ್ಲ. ಯಾವುವು ಇವೆ, ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂದು ಪಾಠದ ಹಿಂದಿನ ದಿನ ತಿಳಿದುಕೊಳ್ಳಲು ದಾರಿ ಇರುವುದಿಲ್ಲ. ಹಾಗಾಗಿ ಚಾರ್ಟೇ ಸುರಕ್ಷಿತ.

ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ದಾಸ್ತಾನು ವಹಿ ಅಚ್ಚುಕಟ್ಟಾಗಿತ್ತು. ವರ್ಷಾಂತ್ಯದ ಎಣಿಕೆ, ಕೆಂಪು ಗೆರೆ, ಮುಖ್ಯ ಶಿಕ್ಷಕರ ಸಹಿ ಎಲ್ಲವೂ ಇದ್ದವು. ‘ಅಮ್ಮೀಟರ್ – 6’ ಎಂದಿತ್ತು. ಆ ಆರರಲ್ಲಿ ಎರಡರ ಮುಳ್ಳು ಅಲುಗುತ್ತಿರಲಿಲ್ಲ, ಅದು ವಹಿಯಲ್ಲಿರಲಿಲ್ಲ. ವಹಿಯನ್ನು ದೂರುವಂತೆಯೂ ಇಲ್ಲ. ಲೆಕ್ಕ ಪರಿಶೋಧನೆಗೆ ಬರುವವರು ಕೇಳುವುದು ‘ಆರು ಇವೆಯೇ?’ ಎಂದು. ಶಿಕ್ಷಕರಿಗೆ ಬೇಕಾದದ್ದು ‘ಎಷ್ಟು ಗುಂಪು ಮಾಡಬಹುದು?’ ಎಂಬುದಕ್ಕೆ ಉತ್ತರ.

ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಪುಟ್ಟದೊಂದು ರಿಲೇಷನಲ್ ಡೇಟಾಬೇಸನ್ನು ಪ್ರಶಿಕ್ಷಣಾರ್ಥಿಗಳಾದ ನಾವೇ ವಿನ್ಯಾಸಗೊಳಿಸಿ, ಇಂಟರ್ನ್‌ಶಿಪ್ ಶಾಲೆಗೆ ಬಿಟ್ಟು ಬರಬೇಕು ಎಂಬುದು ನನ್ನ ಅಭಿಪ್ರಾಯ. ಹೆಸರು ಕೇಳಿ ಹೆದರಬೇಕಾಗಿಲ್ಲ. ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಈ ಕಲ್ಪನೆಯ ಬುಡದಲ್ಲಿರುವುದು ನಾವು ಗಣಿತದಲ್ಲಿ ಓದಿದ ಗಣ ಮತ್ತು ಸಂಬಂಧಗಳೇ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು; ಬೇರೆ ಕಡೆ ಬೇಕಾದಾಗ ಅದರ ಸಂಖ್ಯೆಯನ್ನಷ್ಟೇ ಬರೆದು ಅತ್ತ ಕೈತೋರಿಸಬೇಕು.

ಗ್ರಂಥಾಲಯಗಳು ಗಣಕ ಬರುವ ಮೊದಲಿನಿಂದಲೂ ಹೀಗೇ ಮಾಡುತ್ತಿವೆ. ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಶೀರ್ಷಿಕೆ ಒಂದು, ಅಕ್ಸೆಶನ್ ನಂಬರ್ ಐದು. ಪ್ರಯೋಗಾಲಯದ ವಹಿಯಲ್ಲಿ ಮಾತ್ರ ‘ಅಮ್ಮೀಟರ್’ ಎಂಬ ವಿಧವೂ ಬೀರುವಿನಲ್ಲಿ ಕುಳಿತಿರುವ ಒಂದೊಂದು ಅಮ್ಮೀಟರೂ ಒಂದೇ ಸಾಲಿನಲ್ಲಿ ಕಲಸಿಹೋಗಿರುತ್ತವೆ. ಆದ್ದರಿಂದ ಮೊದಲ ಕೋಷ್ಟಕ ವಿಧಗಳದ್ದು: ಸಂಕೇತ, ಹೆಸರು, ಅಳತೆಯ ವ್ಯಾಪ್ತಿ. ಎರಡನೆಯದು ಬಿಡಿ ಉಪಕರಣಗಳದ್ದು: ಪ್ರತಿಯೊಂದಕ್ಕೂ ಅದರದೇ ಸಂಖ್ಯೆ, ಯಾವ ವಿಧದ್ದು, ಯಾವ ಬೀರುವಿನಲ್ಲಿದೆ, ಹೇಗಿದೆ. ಮೂರನೆಯದು ಕೊಟ್ಟು ಪಡೆದದ್ದರದು: ಯಾವ ಸಂಖ್ಯೆಯ ಉಪಕರಣ, ಯಾವ ಶಿಕ್ಷಕರು, ಒಯ್ದ ದಿನ, ಮರಳಿಸಿದ ದಿನ. ಮರಳಿಸಿದ ದಿನದ ಮನೆ ಖಾಲಿ ಇದ್ದರೆ ವಸ್ತು ಇನ್ನೂ ಹೊರಗಿದೆ ಎಂದರ್ಥ. ಶಿಕ್ಷಕರ ಹೆಸರುಗಳಿಗೂ ಒಂದು ಕೋಷ್ಟಕ ಬೇಕು, ಅದರಲ್ಲಿ ವಿಶೇಷವೇನಿಲ್ಲ.

‘ಉಳಿಕೆ’ ಎಂಬ ಅಂಕಣವನ್ನು ಮಾತ್ರ ಎಲ್ಲೂ ಇಡಬಾರದು. ಉಳಿಕೆಯನ್ನು ಕೇಳಿದಾಗಲೆಲ್ಲ ಇರುವ ಸಾಲುಗಳಿಂದ ಎಣಿಸಿ ಹೇಳುವುದು ಡೇಟಾಬೇಸಿನ ಕೆಲಸ. ಅದನ್ನೂ ನಾವೇ ಬರೆದಿಟ್ಟರೆ, ಒಬ್ಬರು ತಿದ್ದಲು ಮರೆತ ದಿನದಿಂದಲೇ ಅದು ಸುಳ್ಳಾಗುತ್ತದೆ.

ಹಾಗೆಂದು ಎಲ್ಲಕ್ಕೂ ಸಂಖ್ಯೆ ಅಂಟಿಸಲು ಹೊರಟರೆ ಮೊದಲ ವಾರವೇ ಕೈಚೆಲ್ಲಬೇಕಾಗುತ್ತದೆ. ‘ಯಾವುದು?’ ಎಂಬ ಪ್ರಶ್ನೆಗೆ ಅರ್ಥವಿರುವಲ್ಲಿ ಮಾತ್ರ ಬಿಡಿ ಸಂಖ್ಯೆ ಸಾಕು. ಮೂರನೆಯ ಸೂಕ್ಷ್ಮದರ್ಶಕದ ಕನ್ನಡಿ ಒಡೆದಿದೆ ಎನ್ನುವುದರಲ್ಲಿ ಅರ್ಥವಿದೆ. ಹದಿನೇಳನೆಯ ಪ್ರನಾಳ ಎನ್ನುವುದರಲ್ಲಿ ಇಲ್ಲ. ಪ್ರನಾಳಗಳನ್ನು ಎಣಿಕೆಯಲ್ಲಿ, ತಾಮ್ರದ ಸಲ್ಫೇಟನ್ನು ಗ್ರಾಂನಲ್ಲಿ, ಬಂದದ್ದು ಮತ್ತು ಖರ್ಚಾದದ್ದು ಎಂದು ಬೇರೆ ಕೋಷ್ಟಕದಲ್ಲಿ ಬರೆಯಬಹುದು. ಪೀನ ಮಸೂರಗಳ ವಿಷಯ ಇನ್ನೂ ಸ್ವಾರಸ್ಯಕರ. 10 ಸೆಂ.ಮೀ. ಸಂಗಮದೂರದ್ದು ಮತ್ತು 20 ಸೆಂ.ಮೀ. ಸಂಗಮದೂರದ್ದು ಒಂದೇ ವಿಧವೋ ಎರಡೋ? ಬಿಂಬದ ಸ್ವರೂಪ ತೋರಿಸಲು ಯಾವುದಾದರೂ ಆದೀತು. ಎಲ್ಲ ಗುಂಪುಗಳ ಅಳತೆಯನ್ನು ಹೋಲಿಸಬೇಕೆಂದರೆ ಎರಡು ವಿಧವೇ ಆಗಬೇಕು. ಪ್ರಯೋಗದ ಉದ್ದೇಶ ಗೊತ್ತಿಲ್ಲದವರು ಈ ಕೋಷ್ಟಕವನ್ನು ಸರಿಯಾಗಿ ಬರೆಯಲಾರರು. ವಿನ್ಯಾಸವನ್ನು ಗಣಕ ಶಿಕ್ಷಕರಿಗೆ ವಹಿಸಿ ಕೈತೊಳೆದುಕೊಳ್ಳಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿರುವ ಕೋಷ್ಟಕ. ಒಂದು ಪ್ರಯೋಗಕ್ಕೆ ಹಲವು ವಿಧದ ಉಪಕರಣ ಬೇಕು. ಒಂದೇ ವಿಧ ಹಲವು ಪ್ರಯೋಗಗಳಿಗೆ ಬರುತ್ತದೆ. ಪ್ರಯೋಗಗಳ ಪಟ್ಟಿಗೂ ವಿಧಗಳ ಪಟ್ಟಿಗೂ ನಡುವೆ ಸೇತುವೆಯಂತೆ ಒಂದು ಕೋಷ್ಟಕ ಇಡಬೇಕು: ಯಾವ ಪ್ರಯೋಗ, ಯಾವ ವಿಧ, ಒಂದು ಗುಂಪಿಗೆ ಎಷ್ಟು. ಹತ್ತನೆಯ ತರಗತಿಯ ಓಮ್‌ನ ನಿಯಮವನ್ನೇ ತೆಗೆದುಕೊಳ್ಳಿ. ಒಂದು ಗುಂಪಿಗೆ ಅಮ್ಮೀಟರ್ 1, ವೋಲ್ಟ್‌ಮೀಟರ್ 1, 1.5 ವೋಲ್ಟ್‌ನ ಸೆಲ್ 4, ಅರ್ಧ ಮೀಟರ್ ನಿಕ್ರೋಮ್ ತಂತಿ, ಜೊತೆಗೆ ಪ್ಲಗ್ ಕೀ ಮತ್ತು ಸಂಪರ್ಕ ತಂತಿಗಳು. ಕೆಲಸ ಮಾಡುವ ಅಮ್ಮೀಟರ್ 4, ವೋಲ್ಟ್‌ಮೀಟರ್ 5, ಸೆಲ್ 14 ಇವೆ, ಉಳಿದದ್ದು ಸಾಕಷ್ಟಿದೆ ಎಂದುಕೊಳ್ಳೋಣ. ಅಮ್ಮೀಟರ್ ಲೆಕ್ಕದಲ್ಲಿ ನಾಲ್ಕು ಗುಂಪು, ವೋಲ್ಟ್‌ಮೀಟರ್ ಲೆಕ್ಕದಲ್ಲಿ ಐದು, ಸೆಲ್ ಲೆಕ್ಕದಲ್ಲಿ ಮೂರೇ. ಡೇಟಾಬೇಸಿನ ಉತ್ತರ ಮೂರು. ಎಲ್ಲಿ ತಡೆಯಾಗಿದೆ ಎಂಬುದನ್ನೂ ಅದು ತೋರಿಸುತ್ತದೆ. ಅಂಗಡಿಯಿಂದ ಇನ್ನೆರಡು ಸೆಲ್ ತಂದರೆ ನಾಲ್ಕು ಗುಂಪುಗಳಾಗುತ್ತವೆ. ನಲವತ್ತು ಮಕ್ಕಳ ತರಗತಿಯಲ್ಲಿ ಹದಿಮೂರು ಜನ ಒಂದು ಮೇಜಿನ ಸುತ್ತ ನಿಲ್ಲುವುದಕ್ಕೂ ಹತ್ತು ಜನ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಪಾಠ ಮಾಡಿದವರಿಗೆ ವಿವರಿಸಬೇಕಿಲ್ಲ.

ಸೇರಿಸಬಾರದ ಅಂಕಣವೂ ಒಂದಿದೆ: ‘ಒಡೆದವರು ಯಾರು?’ ಉಪಕರಣ ಬೀರುವಿನಿಂದ ಹೊರಬರದಿರಲು ಭಯವೇ ದೊಡ್ಡ ಕಾರಣ. ಹೋದರೆ ಯಾರು ಕಟ್ಟಿಕೊಡಬೇಕು ಎಂಬ ಚಿಂತೆ ಶಿಕ್ಷಕರದ್ದು. ಅವರಿಂದ ಅದು ನಮಗೆ, ನಮ್ಮಿಂದ ಮಕ್ಕಳಿಗೆ ಹಬ್ಬುತ್ತದೆ. ಸ್ಥಿತಿಯ ಅಂಕಣದಲ್ಲಿ ‘ಬಳಕೆಯಲ್ಲಿ ಹಾಳಾಗಿದೆ’ ಎಂಬ ಆಯ್ಕೆಯನ್ನು ‘ಸರಿಯಿದೆ’ ಎಂಬುದರ ಪಕ್ಕದಲ್ಲೇ ಇಟ್ಟರೆ, ಹಾಳಾಗುವುದೂ ಪ್ರಯೋಗಾಲಯದ ದಿನಚರಿಯೇ ಎಂದು ಒಪ್ಪಿಕೊಂಡಂತಾಗುತ್ತದೆ. ಒಯ್ದ ಶಿಕ್ಷಕರ ಹೆಸರು ಹೇಗೂ ಮೂರನೆಯ ಕೋಷ್ಟಕದಲ್ಲಿರುತ್ತದಲ್ಲ ಎನ್ನಬಹುದು. ಇರುತ್ತದೆ, ವಸ್ತು ಎಲ್ಲಿದೆ ಎಂದು ಕೇಳುವುದಕ್ಕೆ. ಮಕ್ಕಳ ಹೆಸರಂತೂ ಅಲ್ಲಿ ಬರಲೇಬಾರದು.

ಎಕ್ಸೆಲ್ ಸಾಲದೇ ಎಂದು ಸಹಪಾಠಿಗಳು ಕೇಳಿದ್ದಾರೆ. ಒಬ್ಬರೇ ನೋಡಿಕೊಳ್ಳುವ ಒಂದು ಹಾಳೆಯಾದರೆ ಸಾಕು. ಮೂವರು ತುಂಬತೊಡಗಿದರೆ ‘ಅಮ್ಮೀಟರ್’, ‘ಆಮೀಟರ್’, ‘ಎ. ಮೀಟರ್’ ಎಂದು ಒಂದೇ ವಸ್ತು ಮೂರಾಗುತ್ತದೆ. ವಿಧದ ಹೆಸರನ್ನು ಒಂದೇ ಕಡೆ ಬರೆದು, ಉಳಿದೆಡೆ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಆ ತೊಂದರೆ ಇಲ್ಲ. ಲಿಬ್ರೆಆಫೀಸ್ ಬೇಸ್ ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ನನಗೆ ಭಾರವಾಗಿ ತೋರುವ ಆಕ್ಷೇಪ ಇನ್ನೊಂದು. ಸ್ಯಾಟ್ಸ್, ಯುಡೈಸ್ ಎಂದು ಶಿಕ್ಷಕರು ಈಗಾಗಲೇ ತುಂಬುತ್ತಿರುವ ಮಾಹಿತಿಯೇ ಸಾಕಷ್ಟಿದೆ, ಅದರ ಮೇಲೆ ಇದೂ ಯಾಕೆ? ಸಹಿ ಇರುವ ಕಾಗದದ ವಹಿಯನ್ನೂ ಬಿಡುವಂತಿಲ್ಲ, ಅಂದರೆ ಕೆಲಸ ಎರಡಾಗುತ್ತದೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆ ಮಾಹಿತಿ ಮೇಲಕ್ಕೆ ಹೋಗುವಂಥದ್ದು, ಇದು ತುಂಬಿದವರಿಗೇ ನಾಳೆಯ ಪಾಠಕ್ಕೆ ಒದಗುವಂಥದ್ದು ಎಂದಷ್ಟೇ ಹೇಳಬಲ್ಲೆ. ಹೊರೆ ಇಳಿಸಲು ಒಂದು ಉಪಾಯವಿದೆ: ಬೀರುವಿನ ಬಾಗಿಲಿಗೆ ಚೀಟಿ ಅಂಟಿಸಿ, ವಾರವಿಡೀ ಅದರಲ್ಲಿ ಗೀಚಿ, ಶನಿವಾರ ಒಮ್ಮೆ ಗಣಕಕ್ಕೆ ಏರಿಸುವುದು. ಯಾರೂ ಎಂದೂ ಕೇಳದ ಅಂಕಣವನ್ನು ಮುಲಾಜಿಲ್ಲದೆ ತೆಗೆದುಹಾಕಬೇಕು.

ನಮ್ಮ ಕಾಲೇಜಿನ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟು. ಇಂಟರ್ನ್‌ಶಿಪ್‌ನಲ್ಲಿ ನಾವು ಒಪ್ಪಿಸುವ ದಾಖಲೆಗಳಲ್ಲಿ ಯಾವುದಾದರೂ ಒಂದರ ಬದಲಿಗೆ ಇದನ್ನು ಇಡಿ, ಹೆಚ್ಚುವರಿಯಾಗಿ ಬೇಡ. ಮೊದಲ ವಾರ ಎಣಿಕೆ ಮತ್ತು ಸಂಖ್ಯೆ ಬರೆಯುವುದು, ಎರಡನೆಯ ವಾರ ಕೋಷ್ಟಕಗಳು, ಆಮೇಲೆ ಅದನ್ನು ನೋಡಿಕೊಂಡೇ ಪಾಠಯೋಜನೆ. ಅಂಕ ಕೊಡುವಾಗ ಕೋಷ್ಟಕಗಳ ಅಂದ ನೋಡುವುದು ಬೇಡ. ನಾವು ಶಾಲೆ ಬಿಟ್ಟು ತಿಂಗಳಾದ ಮೇಲೆ ಅಲ್ಲಿನ ವಿಜ್ಞಾನ ಶಿಕ್ಷಕರು ಕೆಟ್ಟ ವೋಲ್ಟ್‌ಮೀಟರ್ ಒಂದನ್ನು, ನಮಗೆ ಫೋನ್ ಮಾಡದೆ, ತಾವೇ ದಾಖಲಿಸಿದ್ದಾರೆಯೇ ಎಂದು ನೋಡಿ ಅಂಕ ಕೊಡಿ.