ರುಜುವಿನ ಋಣ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಸೌದೆಗೆ, ಸೊಪ್ಪಿಗೆ ಕಾಡು ಹೊಕ್ಕ ಜನರೂ ಜ್ವರ ಬಂದು ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಣುಗುಗಳಿಂದ ಹರಡುವ ಆ ರೋಗದ ವೈರಸ್ಸನ್ನು ಪತ್ತೆಹಚ್ಚಿ, ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಮಲೆನಾಡಿನವರು ಅದನ್ನು ಇಂದಿಗೂ ಮಂಗನ ಕಾಯಿಲೆ ಎನ್ನುತ್ತಾರೆ. ಇಷ್ಟು ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ತಿಳಿಯದಿರುವ ಸಂಗತಿಯೆಂದರೆ, ಕ್ಯಾಸನೂರಿನ ಹೆಸರು ಇನ್ನೊಂದು ಪಟ್ಟಿಯಲ್ಲಿಯೂ ಇದೆ. ರಾಸಾಯನಿಕಾಸ್ತ್ರಗಳ ಪ್ರಸರಣವನ್ನು ತಡೆಯಲೆಂದು 1985ರಲ್ಲಿ ಹುಟ್ಟಿಕೊಂಡು, ಮುಂದೆ ಜೈವಿಕಾಸ್ತ್ರಗಳಿಗೂ ವ್ಯಾಪ್ತಿಯನ್ನು ವಿಸ್ತರಿಸಿಕೊಂಡ 'ಆಸ್ಟ್ರೇಲಿಯಾ ಗುಂಪು' ಎಂಬ ರಾಷ್ಟ್ರಕೂಟದ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಪ್ಲೇಗು, ಆಂಥ್ರಾಕ್ಸ್, ಎಬೋಲಾಗಳ ಪಂಕ್ತಿಯಲ್ಲಿ ನಮ್ಮ ಕಾಡೂ ಕುಳಿತಿದೆ. ಭಾರತವು 2018ರ ಜನವರಿಯಲ್ಲಿ ಆ ಗುಂಪಿನ ಸದಸ್ಯರಾಷ್ಟ್ರವಾಯಿತು.

ಆದುದರಿಂದ ಜೈವಿಕಾಸ್ತ್ರದ ಮಾತು ಬಂದಾಗ 'ಅದು ಮಹಾಶಕ್ತಿಗಳ ಜಗಳ, ನಮಗೇಕೆ' ಎಂದು ಕೈಕೊಡವಿಕೊಳ್ಳುವ ನಮ್ಮ ವಿದ್ಯಾವಂತರ ಧೋರಣೆಯನ್ನು ನಾನು ಒಪ್ಪಲಾರೆ. ಅದು ಅಜ್ಞಾನದಿಂದ ಹುಟ್ಟಿದ ನಿಶ್ಚಿಂತೆ. ಅಷ್ಟೇ ಅಲ್ಲ, ನಾವು ಕೊಟ್ಟ ಮಾತಿಗೆ ನಾವೇ ತೋರುವ ಅನಾದರ.

ಕೊಟ್ಟ ಮಾತು ಯಾವುದು? 1925ರ ಜಿನೀವಾ ಒಪ್ಪಂದವು ರೋಗಾಣುಗಳನ್ನು ಯುದ್ಧದಲ್ಲಿ ಬಳಸುವುದನ್ನು ನಿಷೇಧಿಸಿತು. ತಯಾರಿಸಿ ಕೂಡಿಡುವುದನ್ನು ನಿಷೇಧಿಸಲಿಲ್ಲ. ಕೊಲೆ ಮಾಡಕೂಡದು, ಆದರೆ ವಿಷವನ್ನು ಮನೆಯಲ್ಲಿಟ್ಟುಕೊಳ್ಳಬಹುದು ಎಂಬಂಥ ಕಟ್ಟಳೆ ಅದು. ಈ ಕೊರತೆಯನ್ನು ತುಂಬಲು 1972ರ ಏಪ್ರಿಲ್ 10ರಂದು ಲಂಡನ್, ಮಾಸ್ಕೋ, ವಾಷಿಂಗ್ಟನ್ ನಗರಗಳಲ್ಲಿ ಜೈವಿಕಾಸ್ತ್ರ ನಿಷೇಧ ಒಡಂಬಡಿಕೆಯನ್ನು ಸಹಿಗೆ ತೆರೆಯಲಾಯಿತು. 1975ರ ಮಾರ್ಚ್ 26ರಂದು ಅದು ಜಾರಿಗೆ ಬಂದಿತು. ಭಾರತ 1973ರಲ್ಲಿ ಸಹಿ ಮಾಡಿ, 1974ರಲ್ಲಿ ಅದನ್ನು ಸ್ಥಿರೀಕರಿಸಿತು. ಒಂದು ಇಡೀ ವರ್ಗದ ಸಾಮೂಹಿಕ ವಿನಾಶಕ ಅಸ್ತ್ರಗಳನ್ನು ಸಂಪೂರ್ಣವಾಗಿ ನಿಷೇಧಿಸಿದ ಮೊದಲನೆಯ ಬಹುರಾಷ್ಟ್ರೀಯ ಒಡಂಬಡಿಕೆ ಇದು.

ಅದರ ಮೊದಲನೆಯ ವಿಧಿ ಗಮನಾರ್ಹವಾದದ್ದು. ಅದು ಯಾವ ರೋಗಾಣುವಿನ ಹೆಸರನ್ನೂ ಹೇಳುವುದಿಲ್ಲ. ರೋಗ ತಡೆ, ರಕ್ಷಣೆ ಅಥವಾ ಇತರ ಶಾಂತಿಯುತ ಉದ್ದೇಶಗಳಿಂದ ಸಮರ್ಥಿಸಲಾಗದ ಬಗೆಯ ಮತ್ತು ಪ್ರಮಾಣದ ರೋಗಾಣುಗಳನ್ನಾಗಲಿ ವಿಷಗಳನ್ನಾಗಲಿ ಯಾವ ಸನ್ನಿವೇಶದಲ್ಲಿಯೂ ಬೆಳೆಸಕೂಡದು, ತಯಾರಿಸಕೂಡದು, ಕೂಡಿಡಕೂಡದು, ಪಡೆಯಕೂಡದು ಎನ್ನುತ್ತದೆ. ಎಂದರೆ ಇಲ್ಲಿ ನಿಷಿದ್ಧವಾದದ್ದು ವಸ್ತುವಲ್ಲ, ಉದ್ದೇಶ. ಒಂದೇ ಸೀಸೆ ಲಸಿಕೆಯ ಮೂಲವೂ ಆಗಬಹುದು, ಅಸ್ತ್ರದ ಬೀಜವೂ ಆಗಬಹುದು. ಮೂರನೆಯ ವಿಧಿಯು ಇಂಥವನ್ನು ಯಾರಿಗೂ ಹಸ್ತಾಂತರಿಸಕೂಡದೆಂದೂ, ಯಾರಿಗೂ ನೆರವಾಗಕೂಡದೆಂದೂ ವಿಧಿಸುತ್ತದೆ. ನಾಲ್ಕನೆಯದು, ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದಲ್ಲಿ ಈ ನಿಷೇಧವನ್ನು ಜಾರಿಗೊಳಿಸಲು ಬೇಕಾದ ಕ್ರಮಗಳನ್ನು ತಾನೇ ಕೈಗೊಳ್ಳಬೇಕೆನ್ನುತ್ತದೆ. ನನ್ನ ಇಂದಿನ ತಕರಾರು ಇರುವುದು ಈ ನಾಲ್ಕನೆಯ ವಿಧಿಯ ಸುತ್ತ.

ಅದಕ್ಕೂ ಮೊದಲು ಎದುರುಪಕ್ಷದ ವಾದವನ್ನು ನ್ಯಾಯವಾಗಿ ಮಂಡಿಸಬೇಕು. 'ದೊಡ್ಡವರೇ ಪಾಲಿಸದ ಒಡಂಬಡಿಕೆಯನ್ನು ನಾವೇಕೆ ತಲೆಯ ಮೇಲೆ ಹೊರಬೇಕು?' ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಸಾಕ್ಷ್ಯವಿಲ್ಲದೆ ಇಲ್ಲ. ಸೋವಿಯತ್ ಒಕ್ಕೂಟ ಈ ಒಡಂಬಡಿಕೆಯ ಮೂವರು ಪಾಲಕರಲ್ಲಿ ಒಂದು. ಸಹಿಯ ಮಸಿ ಆರುವ ಮೊದಲೇ ಅದು 'ಬಯೋಪ್ರೆಪರಾಟ್' ಎಂಬ ನಾಗರಿಕ ಸಂಸ್ಥೆಯ ಮರೆಯಲ್ಲಿ ಜಗತ್ತಿನ ಅತಿ ದೊಡ್ಡ ಜೈವಿಕಾಸ್ತ್ರ ಕಾರ್ಯಕ್ರಮವನ್ನು ಕಟ್ಟತೊಡಗಿತು. 1979ರ ಏಪ್ರಿಲಿನಲ್ಲಿ ಸ್ವೆರ್ಡ್ಲಾವ್ಸ್ಕ್ ನಗರದ ಸೇನಾ ಘಟಕದಿಂದ ಆಂಥ್ರಾಕ್ಸ್ ಗಾಳಿಗೆ ಸೋರಿ ಕನಿಷ್ಠ 66 ಮಂದಿ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರ್ಕಾರ ವರ್ಷಗಟ್ಟಲೆ ಹೇಳಿತು. ಸತ್ಯವನ್ನು ಒಪ್ಪಿಕೊಳ್ಳಲು 1992ರಲ್ಲಿ ಯೆಲ್ಟ್ಸಿನ್ ಬರಬೇಕಾಯಿತು.

ಅಮೆರಿಕದ ಕಥೆ ಬೇರೆ ಬಗೆಯದು. 1980ರ ದಶಕದಲ್ಲಿ ಇರಾಕಿಗೆ ಆಂಥ್ರಾಕ್ಸ್ ತಳಿಗಳು ಹೋದದ್ದು ಅಮೆರಿಕದ ಒಂದು ಜೀವಾಣು ಸಂಗ್ರಹಾಲಯದಿಂದ, ಅಲ್ಲಿನ ವಾಣಿಜ್ಯ ಇಲಾಖೆಯ ಪರವಾನಗಿಯೊಡನೆ. ಇದನ್ನು ಬಯಲಿಗೆ ತಂದದ್ದೂ 1994ರ ಅಮೆರಿಕದ ಸೆನೆಟ್ ವರದಿಯೇ. ಅದಕ್ಕಿಂತ ದೊಡ್ಡ ತಪ್ಪು 2001ರದು. ಒಡಂಬಡಿಕೆಗೆ ಕಣ್ಣು ಕೊಡಲು, ಎಂದರೆ ಪರಿಶೀಲನಾ ವ್ಯವಸ್ಥೆಯೊಂದನ್ನು ಜೋಡಿಸಲು, ಹಂಗೆರಿಯ ಟಿಬೋರ್ ಟೋಥ್ ಅವರ ಅಧ್ಯಕ್ಷತೆಯಲ್ಲಿ ಆರು ವರ್ಷ ನಡೆದ ಸಂಧಾನವನ್ನು ಆ ವರ್ಷದ ಜುಲೈಯಲ್ಲಿ ಅಮೆರಿಕ ತಿರಸ್ಕರಿಸಿತು. ಅದರ ಪರಿಣಾಮವನ್ನು ಇಂದೂ ಉಣ್ಣುತ್ತಿದ್ದೇವೆ. ರಾಸಾಯನಿಕಾಸ್ತ್ರ ಒಡಂಬಡಿಕೆಗೆ ಹೇಗ್ ನಗರದಲ್ಲಿ ಸುಮಾರು 500 ಸಿಬ್ಬಂದಿಯ ಸಂಸ್ಥೆಯೂ ತನಿಖಾಧಿಕಾರಿಗಳೂ ಇದ್ದಾರೆ. ಜೈವಿಕಾಸ್ತ್ರ ಒಡಂಬಡಿಕೆಗೆ ಜಿನೀವಾದಲ್ಲಿ 2006ರಲ್ಲಿ ಕೊಟ್ಟದ್ದು ಮೂವರು ನೌಕರರ ಒಂದು ಘಟಕ. 2022ರ ಸಮಾವೇಶದ ಸಾಧನೆಯೆಂದರೆ ಅವರಿಗೆ ಇನ್ನೊಬ್ಬರನ್ನು ಸೇರಿಸಲು ಒಪ್ಪಿದ್ದು. ನಮ್ಮ ಯಾವ ತಾಲ್ಲೂಕು ಕಚೇರಿಯೂ ಇಷ್ಟು ಬಡವಾಗಿಲ್ಲ.

ನಮಗೂ ಒಂದು ಕಹಿ ನೆನಪಿದೆ. 1970ರ ದಶಕದ ಮೊದಲಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತುಗಳು ಅಮೆರಿಕದ ಹಣದಲ್ಲಿ ಸೊಳ್ಳೆಗಳ ವಂಶವಾಹಿ ನಿಯಂತ್ರಣದ ಘಟಕವೊಂದನ್ನು ನಡೆಸುತ್ತಿದ್ದವು. ಇದು ಜೀವಾಣು ಯುದ್ಧದ ಪೂರ್ವತಯಾರಿಯೆಂಬ ಸಂಶಯ ಪತ್ರಿಕೆಗಳಲ್ಲಿ ಎದ್ದಿತು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು, ಘಟಕ ಮುಚ್ಚಿತು. ವಿಜ್ಞಾನಿಗಳು ಆರೋಪವನ್ನು ನಿರಾಕರಿಸಿದರು. ಅದು ರುಜುವಾತಾಗಲೂ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಆ ಗದ್ದಲದಿಂದ ನಾವು ಕಲಿತದ್ದೇನು? ಅದೇ 1975ರಲ್ಲಿ ಒಡಂಬಡಿಕೆ ಜಾರಿಗೆ ಬಂದಿತ್ತು. ಪರದೇಶದವನಿರಲಿ ಸ್ವದೇಶದವನಿರಲಿ, ಅಪಾಯಕಾರಿ ರೋಗಾಣುವನ್ನು ಇಟ್ಟುಕೊಂಡವನು ಎಲ್ಲಿಟ್ಟಿದ್ದಾನೆ, ಏಕಿಟ್ಟಿದ್ದಾನೆ, ಎಷ್ಟಿಟ್ಟಿದ್ದಾನೆ ಎಂದು ಘೋಷಿಸಲೇಬೇಕು ಎಂಬ ಕಾನೂನನ್ನು ನಾವು ಅಂದು ಮಾಡಬಹುದಿತ್ತು. ಮಾಡಲಿಲ್ಲ. ಸಂಶಯಪಟ್ಟೆವು, ಘೋಷಣೆ ಕೂಗಿದೆವು, ಮರೆತೆವು.

ಇತರರ ಕಪಟ ನಮ್ಮ ಆಲಸ್ಯಕ್ಕೆ ಆಧಾರವಾಗಲಾರದು. ಏಕೆಂದರೆ ಈ ಅಪಾಯವೀಗ ಸರ್ಕಾರಗಳ ಸೊತ್ತಾಗಿ ಉಳಿದಿಲ್ಲ. ಪುಣೆಯ ಓದುಗರಿಗೆ ರಜನೀಶರ ಆಶ್ರಮ ಅಪರಿಚಿತವಲ್ಲ. ಆ ಪಂಥವು ಅಮೆರಿಕದ ಆರೆಗಾನ್ ರಾಜ್ಯಕ್ಕೆ ಹೋಗಿ ನೆಲೆಸಿದ್ದಾಗ, 1984ರಲ್ಲಿ, ಸ್ಥಳೀಯ ಚುನಾವಣೆಯಲ್ಲಿ ಮತದಾರರು ಹಾಸಿಗೆ ಹಿಡಿಯಲೆಂದು ಅದರ ಕೆಲವು ಪ್ರಮುಖರು ದ ಡಾಲ್ಸ್ ಎಂಬ ಊರಿನ ಹತ್ತು ಉಪಾಹಾರಗೃಹಗಳ ಹಸಿ ತರಕಾರಿಗೆ ಸಾಲ್ಮನೆಲ್ಲಾ ಬೆರೆಸಿದರು. 751 ಮಂದಿ ಕಾಯಿಲೆ ಬಿದ್ದರು. ರೋಗಾಣುವನ್ನು ಅವರು ಕದ್ದಿರಲಿಲ್ಲ, ಅಂಗಡಿಯಿಂದ ತರಿಸಿದ್ದರು. 1995ರಲ್ಲಿ ಒಹಾಯೋ ರಾಜ್ಯದ ಒಬ್ಬ ವ್ಯಕ್ತಿ ಮೂರು ಸೀಸೆ ಪ್ಲೇಗಿನ ಜೀವಾಣುವನ್ನು ಅಂಚೆಯ ಮೂಲಕ ತರಿಸಿಕೊಂಡ. ಪ್ಲೇಗನ್ನು ಇಟ್ಟುಕೊಳ್ಳುವುದು ಅಂದಿನ ಅಮೆರಿಕದ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ. ಆದ್ದರಿಂದ ಅವನನ್ನು ವಂಚನೆಯ ಆರೋಪದ ಮೇಲೆ ಹಿಡಿಯಬೇಕಾಯಿತು. 2001ರ ಆಂಥ್ರಾಕ್ಸ್ ಪತ್ರಗಳಿಂದ ಐವರು ಸತ್ತರು. ಆ ಪುಡಿ ಬಂದದ್ದು ಯಾವುದೋ ಗುಹೆಯಿಂದಲ್ಲ, ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಒಬ್ಬ ವಿಜ್ಞಾನಿಯಿಂದಲೇ ಎಂದು ಅಲ್ಲಿನ ತನಿಖಾ ಸಂಸ್ಥೆ ಕೊನೆಗೆ ತೀರ್ಮಾನಿಸಿತು. ಈ ಮೂರು ಪ್ರಸಂಗಗಳಲ್ಲಿಯೂ ಸೋತದ್ದು ಕಪಾಟಿನ ಬೀಗ, ಅಂಗಡಿಯ ಲೆಕ್ಕ.

ಇದನ್ನು ಮನಗಂಡೇ 2004ರ ಏಪ್ರಿಲ್ 28ರಂದು ಭದ್ರತಾ ಮಂಡಳಿ 1540ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸನ್ನದಿನ ಏಳನೆಯ ಅಧ್ಯಾಯದಡಿ ಬಂದ ಈ ನಿರ್ಣಯ ಒಡಂಬಡಿಕೆಗೆ ಸಹಿ ಮಾಡಿದವರನ್ನೂ ಮಾಡದವರನ್ನೂ ಸಮಾನವಾಗಿ ಬಂಧಿಸುತ್ತದೆ. ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳಾಗಲಿ ಅವುಗಳ ಸಾಮಗ್ರಿಯಾಗಲಿ ರಾಷ್ಟ್ರೇತರ ವ್ಯಕ್ತಿಗಳ ಕೈಗೆ ಸಿಗದಂತೆ ಪ್ರತಿಯೊಂದು ರಾಷ್ಟ್ರವೂ ಕಾನೂನು ಮಾಡಬೇಕು, ಗಡಿ ಕಾಯಬೇಕು, ರಫ್ತು ನಿಯಂತ್ರಿಸಬೇಕು. ಎಲ್ಲಕ್ಕೂ ಮಿಗಿಲಾಗಿ ಲೆಕ್ಕವಿಡಬೇಕು. ಹದಿನೈದು ರಾಷ್ಟ್ರಗಳ ಮಂಡಳಿ ಇಡೀ ಜಗತ್ತಿಗೆ ಶಾಸನ ಬರೆಯುವ ಅಧಿಕಾರವನ್ನು ಎಲ್ಲಿಂದ ಪಡೆಯಿತು ಎಂದು ಭಾರತ ಅಂದು ಆಕ್ಷೇಪಿಸಿತು. ಆ ಆಕ್ಷೇಪ ನ್ಯಾಯವಾದದ್ದೇ ಎಂಬುದು ನನ್ನ ಅಭಿಮತ. ಆದರೆ ನಾಲ್ಕನೆಯ ವಿಧಿಯ ಬಾಧ್ಯತೆಯನ್ನು ನಮ್ಮ ಮೇಲೆ ಯಾರೂ ಹೇರಿರಲಿಲ್ಲ. 1974ರಲ್ಲಿ ಸ್ವತಂತ್ರ ಭಾರತ ಸ್ವಇಚ್ಛೆಯಿಂದ ಹೊತ್ತ ಹೊರೆ ಅದು. ಮೂವತ್ತು ವರ್ಷ ಅದನ್ನು ನಾವೇ ಪೂರ್ತಿಯಾಗಿ ಸಲ್ಲಿಸಿದ್ದರೆ ಇನ್ನೊಬ್ಬರು ಹೇಳಲು ಬರುತ್ತಿರಲಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2005ರ ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯ್ದೆ ಜೈವಿಕಾಸ್ತ್ರವನ್ನು ತಯಾರಿಸಿದವನಿಗೆ, ಹೊಂದಿದವನಿಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಶಿಕ್ಷೆ ವಿಧಿಸುತ್ತದೆ. 2022ರ ತಿದ್ದುಪಡಿ ಅಂಥ ಕೃತ್ಯಕ್ಕೆ ಹಣ ಒದಗಿಸುವುದನ್ನೂ ನಿಷೇಧಿಸಿತು. ರಫ್ತಿಗೆ ನಿಯಂತ್ರಣ ಪಟ್ಟಿಯಿದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಅಪಾಯಕಾರಿ ಸೂಕ್ಷ್ಮಜೀವಿಗಳ ಕುರಿತ 1989ರ ನಿಯಮಗಳಿವೆ. ಆದರೆ ಶಿಕ್ಷೆ ಅಪರಾಧವಾದ ಮೇಲಿನ ಮಾತು. ರಫ್ತಿನ ನಿಯಂತ್ರಣ ಬಂದರಿನ ಮಾತು. ನಡುವಿನ ಪ್ರಶ್ನೆ ಹಾಗೆಯೇ ಉಳಿದಿದೆ: ದೇಶದೊಳಗೆ ಯಾವ ಪ್ರಯೋಗಾಲಯದಲ್ಲಿ, ಯಾರ ವಶದಲ್ಲಿ ಏನಿದೆ? ರಾಸಾಯನಿಕಾಸ್ತ್ರ ಒಡಂಬಡಿಕೆಗಾಗಿ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದ ನಮ್ಮ ಸಂಸತ್ತು ಅದಕ್ಕಿಂತ ಹಳೆಯದಾದ ಜೈವಿಕಾಸ್ತ್ರ ಒಡಂಬಡಿಕೆಗೆ ಅಂಥದನ್ನು ಮಾಡಲಿಲ್ಲ. ಸಾಂಕ್ರಾಮಿಕ ಮತ್ತು ಜೈವಿಕ ಭಯೋತ್ಪಾದನೆಗಳ ಕುರಿತು 2017ರಲ್ಲಿ ಸಿದ್ಧವಾದ ಕರಡು ಮಸೂದೆ ಕಾಯ್ದೆಯಾಗಲಿಲ್ಲ. ಮೂರು ವರ್ಷದ ಬಳಿಕ ಕೊರೋನಾ ಬಂದಾಗ ನಮ್ಮ ಕೈಗೆ ಸಿಕ್ಕದ್ದು 1897ರ ಬ್ರಿಟಿಷರ ಕಾಯ್ದೆ.

ನನ್ನ ವೃತ್ತಿ ಲೆಕ್ಕ ತನಿಖೆಯದು. ಹಲವು ವರ್ಷಗಳ ಹಿಂದೆ ಉತ್ತರ ಭಾರತದ ಒಂದು ಸಂಸ್ಥೆಯ ದಾಸ್ತಾನು ಪರಿಶೀಲನೆಗೆ ಹೋಗಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಶೈತ್ಯಪೆಟ್ಟಿಗೆಯ ದಾಸ್ತಾನು ಸಂಖ್ಯೆ, ಕೊಂಡ ದಿನಾಂಕ, ಬೆಲೆ, ದುರಸ್ತಿಯ ಖರ್ಚು, ಎಲ್ಲವೂ ಪುಸ್ತಕದಲ್ಲಿ ಅಚ್ಚುಕಟ್ಟಾಗಿದ್ದವು. 'ಒಳಗಿರುವುದರ ಪಟ್ಟಿ ಎಲ್ಲಿ?' ಎಂದೆ. ಅದನ್ನು ಬಲ್ಲ ಪ್ರಾಧ್ಯಾಪಕರು ನಿವೃತ್ತರಾಗಿದ್ದರು. ಸೀಸೆಗಳ ಮೇಲಿನ ಬರಹ ಅರ್ಧ ಅಳಿಸಿತ್ತು. ನಾನು ಆಕ್ಷೇಪಣೆ ಬರೆಯಲು ಹೊರಟಾಗ ಮೇಲಧಿಕಾರಿಗಳು, 'ಬೆಲೆಯಿಲ್ಲದ ವಸ್ತುವಿಗೆ ಆಕ್ಷೇಪಣೆ ಹೇಗೆ?' ಎಂದರು. ನಿಯಮದ ದೃಷ್ಟಿಯಿಂದ ಅವರ ಮಾತು ಸರಿಯಾಗಿತ್ತು, ನಾನು ಬರೆಯಲಿಲ್ಲ. ಆ ಮೌನಕ್ಕೆ ನಾನೂ ಪಾಲುದಾರ. ಅಲ್ಲಿ ಕೇಡಿನ ಉದ್ದೇಶವಿತ್ತೆಂದು ನಾನು ಕ್ಷಣಮಾತ್ರವೂ ನಂಬುವುದಿಲ್ಲ. ಆದರೆ ಉದ್ದೇಶವನ್ನೇ ಅಳತೆಗೋಲಾಗಿಸಿಕೊಂಡ ಒಡಂಬಡಿಕೆಗೆ ಸಹಿ ಮಾಡಿದ ದೇಶ, ಒಳಗೇನಿದೆಯೆಂದೇ ತಿಳಿಯದೆ ತನ್ನ ಉದ್ದೇಶ ಶುದ್ಧವೆಂದು ಹೇಗೆ ತೋರಿಸೀತು?

ಇಂಥ ಕಾನೂನು ಬಂದರೆ ಸಂಶೋಧನೆ ಕತ್ತು ಹಿಸುಕಿಕೊಳ್ಳುತ್ತದೆ, ಪರವಾನಗಿಯ ರಾಜ್ಯ ಮರಳುತ್ತದೆ ಎಂಬ ವಿಜ್ಞಾನಿಗಳ ಅಳುಕು ನಿರಾಧಾರವಲ್ಲ. 2003ರಲ್ಲಿ ಟೆಕ್ಸಾಸಿನ ಪ್ಲೇಗ್ ಸಂಶೋಧಕರೊಬ್ಬರು ತಮ್ಮಲ್ಲಿ 30 ಸೀಸೆ ಕಾಣೆಯಾಗಿವೆಯೆಂದು ತಾವೇ ವರದಿ ಮಾಡಿ, ಕೊನೆಗೆ ತಾವೇ ಸೆರೆಮನೆ ಸೇರಿದರು. ಅಂಥ ಕ್ರೌರ್ಯ ನಮಗೆ ಬೇಡ. ಬೇಕಾದದ್ದು ನಾಲ್ಕೇ: ಒಡಂಬಡಿಕೆಗೆ ಪ್ರತ್ಯೇಕ ಕಾಯ್ದೆ, ಅಪಾಯಕಾರಿ ರೋಗಾಣುಗಳ ಪಟ್ಟಿ ಮತ್ತು ಅವನ್ನು ಹೊಂದಿದವರ ಕಡ್ಡಾಯ ನೋಂದಣಿ, ವಿಜ್ಞಾನ ಬಲ್ಲವರಿಂದಲೇ ತನಿಖೆ, ತಪ್ಪನ್ನು ತಾನಾಗಿ ವರದಿ ಮಾಡಿದವನಿಗೆ ರಕ್ಷಣೆ. ಇದನ್ನು ಮನೆಯಲ್ಲಿ ಮಾಡಿದ ಮೇಲೆ ಜಿನೀವಾದಲ್ಲಿ ನಿಂತು ಪರಿಶೀಲನಾ ವ್ಯವಸ್ಥೆ ಬೇಕೆಂದು ಅಮೆರಿಕಕ್ಕೂ ರಷ್ಯಾಕ್ಕೂ ಹೇಳುವ ನಮ್ಮ ದನಿಗೆ ತೂಕ ಬರುತ್ತದೆ.

ಹೊರನಾಡಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಪುಣೆ, ಹೈದರಾಬಾದುಗಳ ಲಸಿಕಾ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕೈಚೀಲ ಹಾಕಿಕೊಂಡು ದುಡಿಯುವವರಲ್ಲಿ ನಮ್ಮ ಮಕ್ಕಳಿದ್ದಾರೆ. ಮೊದಲ ಸೋರಿಕೆಗೆ ಮೊದಲ ಬಲಿ ಅವರೇ. ಒಡಂಬಡಿಕೆಯ ಹತ್ತನೆಯ ವಿಧಿ ಶಾಂತಿಯುತ ಸಂಶೋಧನೆಯ ವಿನಿಮಯವನ್ನೂ ರಾಷ್ಟ್ರಗಳ ಕರ್ತವ್ಯವಾಗಿಸಿದೆ. ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ನಡುವೆ ರೋಗ ಮಲೆನಾಡನ್ನು ದಾಟಿ ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಹರಡಿದೆ. ಕ್ಯಾಸನೂರಿನ ವೈರಸ್ಸನ್ನು ಅಸ್ತ್ರಗಳ ಪಟ್ಟಿಗೆ ಸೇರಿಸಲು ತೋರಿದ ಶ್ರದ್ಧೆಯಲ್ಲಿ ಒಂದು ಪಾಲನ್ನು ಕ್ಯಾಸನೂರಿನ ಜನರಿಗೆ ಮದ್ದು ಹುಡುಕಲು ತೋರಿಸಿ ಎಂದು ಕೇಳುವ ಹಕ್ಕು ನಮಗೆ ಅದೇ ಒಡಂಬಡಿಕೆಯಿಂದ ಬಂದಿದೆ. ಹಕ್ಕನ್ನು ಕೇಳುವ ಮೊದಲು ಋಣವನ್ನು ತೀರಿಸಬೇಕು. ಐವತ್ತು ವರ್ಷ ದಾಟಿದ ಋಣವಿದು. ನಮ್ಮ ನಮ್ಮ ಕ್ಷೇತ್ರದ ಸಂಸತ್ಸದಸ್ಯರಿಗೆ ಇದನ್ನು ನೆನಪಿಸುವ ಒಂದು ಕಾಗದವನ್ನಾದರೂ ನಾವು ಬರೆಯಬೇಕು.